ಸರಿದ ಕೋಟೆ, ಸರಿಯದ ಬೀರು

ಜಪಾನಿನ ಹಿರೊಸಾಕಿ ಎಂಬ ಊರಿನವರು ತಮ್ಮ ಕೋಟೆಯ ಗೋಪುರವನ್ನು ಇಡಿಯಾಗಿ ಎತ್ತಿ ಎಪ್ಪತ್ತು ಮೀಟರಿನಷ್ಟು ಆಚೆಗೆ ಸರಿಸಿಟ್ಟಿದ್ದಾರೆ ಎಂಬ ಸಂಗತಿಯನ್ನು ನನ್ನ ಹೆಂಡತಿಯ ಕಿವಿಗೆ ಯಾರೂ ಹಾಕಬಾರದಿತ್ತು. ಹಾಕಿದವರು ನಮ್ಮ ಅಳಿಯಂದಿರು. ಒಳ್ಳೆಯವರು, ಟೋಕಿಯೊದಲ್ಲಿ ಸಾಫ್ಟ್‌ವೇರ್ ಕೆಲಸ, ಮಾವನೆಂದರೆ ಗೌರವ. ಪಾಪ, ಅವರಿಗೆ ನಮ್ಮ ಮನೆಯ ಬೀರುವಿನ ಕಥೆ ಗೊತ್ತಿರಲಿಲ್ಲ.

ಮೈಸೂರಿನ ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಇವಳ ತವರಿನಿಂದ ಮದುವೆಯಲ್ಲಿ ಬಂದದ್ದು. ಕೊಡುವಾಗ ನಮ್ಮ ಮಾವನವರು "ಮೂರು ತಲೆಮಾರಿಗೆ ಆಗುತ್ತೆ" ಎಂದಿದ್ದರು. ಬಾಳಿಕೆಯ ಮಾತು ಹೇಳಿದರೋ, ಅದನ್ನು ಅಲುಗಿಸಲು ಬೇಕಾಗುವ ಜನರ ಲೆಕ್ಕ ಹೇಳಿದರೋ ನನಗೆ ಇಂದಿಗೂ ಅನುಮಾನ. ಬೀರುವಿನ ಹಿಂದಿನ ಗೋಡೆಯ ಆ ಬದಿಗೆ ಬಚ್ಚಲುಮನೆ. ಯಾವುದೋ ಪೈಪು ಒಳಗೊಳಗೇ ಸೋರಿ, ಗೋಡೆ ತೇವ ಹೀರಿ, ಈ ಬದಿಯ ಗಾರೆ ಉಬ್ಬಿಕೊಂಡಿತು. ಗಾರೆ ಕೆಲಸದವನನ್ನು ಕರೆಸಿದೆ. ಅವನು ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿ, "ಬೀರು ಸರಿಸಿ ಕೊಡಿ ಸಾರ್, ಎರಡು ದಿನದ ಕೆಲಸ" ಎಂದು ಹೇಳಿ ಕಾಫಿ ಕುಡಿದು ಹೋದ.

ಅಂದಿನಿಂದ ಬೀರು ಸರಿಸದೆ ಇರುವುದಕ್ಕೆ ಕಾರಣ ಒದಗಿಸುವುದೇ ನನ್ನ ನಿವೃತ್ತ ಜೀವನದ ಮುಖ್ಯ ಉದ್ಯೋಗವಾಯಿತು. ಮಳೆಗಾಲ ಮುಗಿಯಲಿ. ಆಷಾಢ ಕಳೆಯಲಿ. ತುಂಬಿದ ಬೀರು ಎಳೆದರೆ ಬಾಗಿಲು ಓರೆಯಾಗಿ ಮತ್ತೆ ಕೂರುವುದಿಲ್ಲ. ಖಾಲಿ ಮಾಡಿ ಎಳೆಯೋಣ ಎಂದರೆ ಅಷ್ಟು ಸೀರೆ ಎಲ್ಲಿಡುವುದು? ಇಷ್ಟು ವರ್ಷ ಒಂದೇ ಕಡೆ ನಿಂತ ಭಾರವನ್ನು ಅಲುಗಿಸಿದರೆ ನೆಲದ ಮೊಸಾಯಿಕ್ ಬಿರುಕು ಬಿಟ್ಟರೆ ಯಾರು ಹೊಣೆ? ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿಗಳನ್ನು ನಗುನಗುತ್ತಾ ತಳ್ಳಿಹಾಕಿಯೇ ಪೆನ್ಷನ್ ಸಂಪಾದಿಸಿದವನಿಗೆ ಇದೆಲ್ಲ ಏನು ಕಷ್ಟ? ಗಾರೆ ಉಬ್ಬುತ್ತಾ ಹೋಯಿತು, ಕಾರಣಗಳೂ ಅದಕ್ಕೆ ಸರಿಸಮನಾಗಿ ಬೆಳೆದವು.

ಕೋವಿಡ್ ಬರುವುದಕ್ಕೆ ಮುಂಚಿನ ಒಂದು ವಸಂತದಲ್ಲಿ ಮಗಳ ಮನೆಗೆಂದು ಟೋಕಿಯೊಗೆ ಹೋದೆವು. ನಿಶಿ-ಕಸಾಯ್ ಎಂಬ ಬಡಾವಣೆ. ಅಲ್ಲಿ ನಮ್ಮ ದೇಶದವರು ಎಷ್ಟಿದ್ದಾರೆಂದರೆ ತೊಗರಿಬೇಳೆಗಾಗಲಿ ಸಾಸಿವೆಗಾಗಲಿ ಇವಳು ಒದ್ದಾಡಬೇಕಾಗಲಿಲ್ಲ. ಒದ್ದಾಡಿದ್ದು ಚೆರ್ರಿ ಹೂವಿಗೆ. ನಾವು ಇಳಿಯುವಷ್ಟರಲ್ಲಿ ಟೋಕಿಯೊದ ಹೂವೆಲ್ಲ ಉದುರಿ ಮರಗಳು ಹಸಿರಾಗಿ ನಿಂತಿದ್ದವು.

"ಬೇಜಾರು ಮಾಡ್ಕೋಬೇಡಿ ಮಾವ, ಹೂವು ದಕ್ಷಿಣದಿಂದ ಉತ್ತರಕ್ಕೆ ಅರಳ್ತಾ ಹೋಗುತ್ತೆ. ಈಗ ಆವೊಮೊರಿ ಕಡೆ ಶುರುವಾಗುತ್ತೆ" ಎಂದರು ಅಳಿಯಂದಿರು. "ಅಲ್ಲಿ ಹಿರೊಸಾಕಿ ಅಂತ ಊರು. ಒಂದು ದೊಡ್ಡ ಪಾರ್ಕು, ಅದರೊಳಗೆ ಕೋಟೆ, ಸುತ್ತ 2600 ಚೆರ್ರಿ ಮರ. ಕೋಟೆಯ ಗೋಪುರ ಮಾತ್ರ ಸದ್ಯಕ್ಕೆ ಅದರ ಜಾಗದಲ್ಲಿಲ್ಲ. ಕೆಳಗಿನ ಕಲ್ಲುಗೋಡೆ ಉಬ್ಬಿತ್ತು, ರಿಪೇರಿ ಮಾಡ್ಬೇಕು ಅಂತ 2015ರಲ್ಲಿ ಇಡೀ ಗೋಪುರಾನೇ ಎತ್ತಿ ಪಕ್ಕಕ್ಕೆ ಸರಿಸಿದಾರೆ."

ಅಡುಗೆಮನೆಯಲ್ಲಿ ಮಾತು ನಿಂತಿತು. ಇವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನು ಉಬ್ಬಿತ್ತು ಅಂದ್ರಿ?"

"ಗೋಡೆ, ಅತ್ತೆ."

"ಗೋಪುರ ಎಷ್ಟು ಭಾರ ಇತ್ತಂತೆ?"

"ನಾನ್ನೂರು ಟನ್."

ಇವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಟಿಕೆಟ್ ಆ ಸಂಜೆಯೇ ಬುಕ್ ಆಯಿತು. ಹೂವು ನೋಡಲಿಕ್ಕೆ ಎಂದು ಹೇಳಿದವರು ಅವರೆಲ್ಲ. ನನಗೆ ಮಾತ್ರ ಇದು ಸ್ಥಳ ಮಹಜರು ಎಂದು ಗೊತ್ತಿತ್ತು.

ಹೊರಡುವ ಹಿಂದಿನ ರಾತ್ರಿ ಎದ್ದು ಕೂತು ಆ ಕೋಟೆಯ ಇತಿಹಾಸ ಓದಿಕೊಂಡೆ. ಕೋಟೆಯ ಮುಂದೆ ನಿಂತು ಬೆರಳು ತೋರಿಸಿ ವಿವರಿಸುವ ಹಕ್ಕು ನಮ್ಮ ಮನೆಯಲ್ಲಿ ನನ್ನದು. ಚಿತ್ರದುರ್ಗ, ಶ್ರೀರಂಗಪಟ್ಟಣ ಎಲ್ಲ ಕಡೆ ಚಲಾಯಿಸಿದ್ದೇನೆ. ಗೈಡುಗಳು ನನ್ನನ್ನು ಕಂಡರೆ ದೂರ ಹೋಗುತ್ತಾರೆ. ನಮ್ಮ ಮನೆಯವರಿಗೆ ಆ ಅನುಕೂಲ ಇಲ್ಲ.

ಟೋಕಿಯೊದಿಂದ ಶಿನ್-ಆವೊಮೊರಿವರೆಗೆ ಶಿಂಕಾನ್‌ಸೆನ್ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಗಂಟೆಗೆ 320 ಕಿ.ಮೀ. ವೇಗ ಮುಟ್ಟುವ ಗಾಡಿ. ಅದರೊಳಗೆ ಇವಳು ಡಬ್ಬಿಯಿಂದ ಗೊಜ್ಜವಲಕ್ಕಿ ಬಡಿಸಿದಳು, ಒಂದು ಕಾಳೂ ಚೆಲ್ಲಲಿಲ್ಲ. ಆಮೇಲೆ ಅಲ್ಲಿಯ ಸಣ್ಣ ರೈಲು ಹತ್ತಿ ಮುಕ್ಕಾಲು ಗಂಟೆ. ಎರಡೂ ಕಡೆ ಸೇಬಿನ ತೋಟಗಳು, ದೂರದಲ್ಲಿ ಮಂಜು ಹೊದ್ದ ಇವಾಕಿ ಪರ್ವತ. ಎತ್ತರ 1625 ಮೀಟರ್ ಎಂದು ನಾನು ಪ್ರಕಟಿಸಿದೆ. ಯಾರೂ ಕೇಳಿರಲಿಲ್ಲ.

ಹಿರೊಸಾಕಿ ಪಾರ್ಕು ಸುಮಾರು 49 ಹೆಕ್ಟೇರ್ ವಿಸ್ತಾರದ್ದು. ಒಂದರೊಳಗೊಂದು ಮೂರು ಸುತ್ತು ಕಂದಕ, ಹಳೆಯ ಮರದ ಹೆಬ್ಬಾಗಿಲುಗಳು ಐದು, ಮೂಲೆ ಬುರುಜುಗಳು ಮೂರು. ಇಷ್ಟೂ ಕೋಟೆಯ ಕಾಲದವೇ, ಉಳಿದುಕೊಂಡು ಬಂದಿವೆ. ಓಟೆಮೊನ್ ಎಂಬ ದಕ್ಷಿಣದ ಹೆಬ್ಬಾಗಿಲಲ್ಲಿ ನಿಂತು ನಾನು ಗಂಟಲು ಸರಿಮಾಡಿಕೊಂಡೆ.

"ತ್ಸುಗರು ತಮೆನೊಬು ಅಂತ ಈ ಸೀಮೆಯ ದೊರೆ. ಕೋಟೆಗೆ ಪ್ಲಾನ್ ಹಾಕಿದವನು ಅವನು. ಕಟ್ಟೋಕೆ ಮುಂಚೆ ತೀರ್ಕೊಂಡ. ಮಗ ನೊಬುಹಿರ 1611ರಲ್ಲಿ ಕಟ್ಟಿ ಮುಗಿಸಿದ. ಆಗ ಗೋಪುರಕ್ಕೆ ಐದು ಅಂತಸ್ತು. 1627ರಲ್ಲಿ ಸಿಡಿಲು ಬಡೀತು. ಬೆಂಕಿ ಹೋಗಿ ಒಳಗಿದ್ದ ಮದ್ದಿನ ದಾಸ್ತಾನಿಗೆ ತಗುಲಿ ಇಡೀ ಗೋಪುರ ಢಮಾರ್. ಆಮೇಲೆ 1810ರವರೆಗೆ ಇಲ್ಲಿ ಗೋಪುರವೇ ಇರಲಿಲ್ಲ."

"ಅಂದ್ರೆ ಹತ್ತಿರ ಹತ್ತಿರ ಇನ್ನೂರು ವರ್ಷ ರಿಪೇರಿ ಮಾಡಿಸಲಿಲ್ಲ" ಎಂದಳು ಇವಳು.

ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. "ನೋಡಿದ್ಯಾ? ಇನ್ನೂರು ವರ್ಷ! ರಾಜರೇ ಸುಮ್ನಿದ್ರು."

"ಸುಮ್ನಿರಲಿಲ್ಲ ಅಪ್ಪ" ಎಂದಳು ಮಗಳು, ಫೋನಿನಲ್ಲಿ ಅದೇ ಇತಿಹಾಸ ಓದುತ್ತಾ. "ಶೋಗನ್ ಸರ್ಕಾರ ಹೊಸ ಗೋಪುರ ಕಟ್ಟೋಕೆ ಯಾರಿಗೂ ಸಲೀಸಾಗಿ ಪರ್ಮಿಷನ್ ಕೊಡ್ತಿರಲಿಲ್ಲ."

ಹಾಗಾಗಿ ಒಂಬತ್ತನೆಯ ದೊರೆ ಯಸುಚಿಕ ಒಂದು ದಾರಿ ಹುಡುಕಿದ. ಗೋಪುರ ಕಟ್ಟುತ್ತೇನೆ ಎಂದು ಅವನು ಬರೆಯಲೇ ಇಲ್ಲ. ಮೂಲೆ ಬುರುಜನ್ನು ಸರಿಪಡಿಸುತ್ತೇನೆ ಎಂದು ಅನುಮತಿ ತೆಗೆದುಕೊಂಡು, ಮೂರು ಅಂತಸ್ತಿನ ಈ ಕಟ್ಟಡ ಎಬ್ಬಿಸಿದ. ಕಾಗದದ ಮೇಲೆ ಬುರುಜು, ನೋಡಿದವರ ಕಣ್ಣಿಗೆ ಗೋಪುರ. ನಮ್ಮ ಊರುಗಳಲ್ಲಿ ಮನೆ ಕಟ್ಟಿಸಿದವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಅಂದಿನಿಂದ ಉಳಿದು ಬಂದಿರುವುದು ಇದೇ. ಜಪಾನಿನಲ್ಲಿ ಹಳೆಯ ಕಾಲದ ಮೂಲ ಗೋಪುರಗಳು ಇನ್ನೂ ನಿಂತಿರುವುದು ಹನ್ನೆರಡೇ ಕೋಟೆಗಳಲ್ಲಿ. ಮಿಕ್ಕ ಕಡೆ ಕಾಣುವ ಎಷ್ಟೋ ಗೋಪುರಗಳು ಸಿಮೆಂಟಿನಲ್ಲಿ ಮತ್ತೆ ಕಟ್ಟಿದವು. ಹನ್ನೆರಡರಲ್ಲಿ ತೀರ ಉತ್ತರದ್ದು ಹಿರೊಸಾಕಿ.

ಒಳ ಕಂದಕದ ಮೇಲೆ ಕೆಂಪು ಕಟಾಂಜನದ ಒಂದು ಸೇತುವೆ ಇದೆ, ಗೆಜೊಬಾಶಿ. ಅಂದಿನ ಕಾಲದಲ್ಲಿ ಸರದಾರರು ಇಲ್ಲಿ ಕುದುರೆಯಿಂದ ಇಳಿದು ಮುಂದಕ್ಕೆ ನಡೆದೇ ಹೋಗಬೇಕಿತ್ತು. ಅಂಚೆ ಚೀಟಿ, ಕ್ಯಾಲೆಂಡರ್, ಬಿಸ್ಕತ್ತಿನ ಡಬ್ಬಿ ಎಲ್ಲದರ ಮೇಲೆ ಬರುವ ಚಿತ್ರ ಇಲ್ಲಿಂದಲೇ ತೆಗೆಯುವುದು: ಕೆಂಪು ಸೇತುವೆ, ಹೂವಿನ ಮರ, ಹಿಂದೆ ಕಲ್ಲುಗೋಡೆಯ ಮೂಲೆಯಲ್ಲಿ ಬಿಳಿ ಗೋಪುರ. ನಾವು ನಿಂತಾಗ ಸೇತುವೆ ಇತ್ತು, ಹೂವಿತ್ತು. ಗೋಪುರ ಇರಬೇಕಾದ ಕಡೆ ಆಕಾಶ ಇತ್ತು. ಕೆಳಗೆ ಬಿಚ್ಚಿದ ಗೋಡೆ, ಕೆಲಸದ ಬೇಲಿ.

ಇವಳು ಆ ಖಾಲಿ ಜಾಗವನ್ನು ದೇವರ ಮುಂದೆ ನಿಂತವಳಂತೆ ನೋಡಿದಳು. "ಎಷ್ಟು ಅಚ್ಚುಕಟ್ಟಾಗಿ ಖಾಲಿ ಮಾಡಿ ಕೊಟ್ಟಿದಾರೆ" ಎಂದಳು.

ಮುನ್ನೂರು ಚಿಲ್ಲರೆ ಯೆನ್ ಕೊಟ್ಟು ಹೊನ್‌ಮಾರು ಎಂಬ ಒಳ ಅಂಗಳಕ್ಕೆ ಹೋದರೆ ಗೋಪುರ ಅಲ್ಲಿ ನಿಂತಿತ್ತು, ಅಂಗಳದ ನಡುವೆ, ತಾತ್ಕಾಲಿಕ ಅಡಿಪಾಯದ ಮೇಲೆ. ಎತ್ತರ 14.4 ಮೀಟರ್. ಚಿತ್ರದುರ್ಗದ ಏಳು ಸುತ್ತಿನ ಲೆಕ್ಕದಲ್ಲಿ ಬಂದಿದ್ದ ನನಗೆ ಮುಖ ಹುಳ್ಳಗಾಯಿತು. "ಇಷ್ಟೇನಾ?" ಎಂದೆ.

"ಇಷ್ಟೇ ಇದ್ರೆ ಗುಡಿಸೋಕೆ ಸುಲಭ" ಎಂದಳು ಇವಳು. ಗೋಪುರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, "ರೀ, ಇದಕ್ಕೆ ಅಲಂಕಾರ ಎಲ್ಲಾ ಎರಡೇ ಕಡೆ. ಮಿಕ್ಕ ಎರಡು ಕಡೆ ಬೋಳು ಗೋಡೆ, ಬರೀ ಕಿಟಕಿ" ಎಂದು ವರದಿ ಕೊಟ್ಟಳು.

ಇಡೀ ರಾತ್ರಿ ಓದಿದ ನನಗೆ ಇದು ನೆನಪಿರಲಿಲ್ಲ. ಆದರೆ ನಿಜ. ಕಂದಕದಾಚೆ ನಿಂತು ನೋಡುವ ಹೊರಗಿನವರಿಗೆ ಕಾಣುವ ಪೂರ್ವ ಮತ್ತು ದಕ್ಷಿಣದ ಗೋಡೆಗಳಿಗೆ ಮಾತ್ರ ತ್ರಿಕೋನದ ಚೂಪು ಚಾವಣಿ ಮುಖಗಳು, ಬಾಣ ಬಿಡುವ ಸಂದಿಗಳು. ಅಂಗಳದ ಕಡೆಗೆ, ಅಂದರೆ ಮನೆಯವರಿಗೆ ಕಾಣುವ ಕಡೆಗೆ, ಸಾಲು ಕಿಟಕಿ, ಅಷ್ಟೇ. ಹೆಂಚು ತಾಮ್ರದ್ದು. ಮಣ್ಣಿನ ಹೆಂಚು ಇಲ್ಲಿಯ ಚಳಿಗೆ ಒಡೆಯುತ್ತದೆ. ಹಾಗಾಗಿ ಬಿಳಿ ಗೋಡೆಯ ಮೇಲೆ ಹಸಿರು ತಿರುಗಿದ ಚಾವಣಿ. ಅಲ್ಲೇ ಒಂದು ಅಟ್ಟಣೆ ಕಟ್ಟಿದ್ದರು, ಹತ್ತಿ ನಿಂತರೆ ಗೋಪುರದ ಹಿಂದೆ ಇವಾಕಿ ಪರ್ವತವೂ ಒಂದೇ ಚಿತ್ರದಲ್ಲಿ ಬರುತ್ತಿತ್ತು. ಗೋಪುರ ಮೂಲ ಜಾಗದಲ್ಲಿದ್ದರೆ ಈ ನೋಟ ಸಿಗುತ್ತಿರಲಿಲ್ಲ. ಸರಿಸಿದ್ದರಿಂದ ಅನುಕೂಲವೂ ಉಂಟು ಎಂಬುದು ಇವಳ ಟಿಪ್ಪಣಿ. ಅದು ಯಾರಿಗೆ ಎಂದು ನಾನು ಕೇಳಲಿಲ್ಲ.

ಒಳಗೆ ಗೋಪುರ ಸರಿಸಿದ ಕೆಲಸದ ಚಿತ್ರಗಳಿದ್ದವು. ನಾನು ಬೇಗ ಬೇಗ ದಾಟಿಸಿಕೊಂಡು ಹೋಗಲು ನೋಡಿದೆ. ಅಳಿಯಂದಿರು ನಿಂತು ಒಂದೊಂದನ್ನೂ ಓದಿ ಹೇಳಿದರು. ಗೋಪುರದ ಕೆಳಗೆ ಉಕ್ಕಿನ ತೊಲೆ ತೂರಿಸಿ, ಜಾಕಿಗಳಿಂದ ಸಮನಾಗಿ ಎತ್ತಿ, ಹಳಿ ಹಾಸಿ, ಅದರ ಮೇಲೆ ಕೂರಿಸಿ ಹೆಜ್ಜೆ ಹೆಜ್ಜೆಯಾಗಿ ಸರಿಸಿದ್ದಾರೆ. ಜಪಾನಿನಲ್ಲಿ ಇದಕ್ಕೆ ಹಿಕಿಯಾ ಎನ್ನುತ್ತಾರೆ, ಮನೆ ಎಳೆಯುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಊರಿನವರಿಗೂ ಒಂದು ಅವಕಾಶ ಕೊಟ್ಟರು. ಸಾವಿರಾರು ಜನ, ಮಕ್ಕಳು ಮುದುಕರು ಎಲ್ಲ ಸರದಿಯಲ್ಲಿ ಬಂದು ಉದ್ದುದ್ದ ಹಗ್ಗ ಹಿಡಿದು ಗೋಪುರ ಎಳೆದರು. ಚಿತ್ರ ನೋಡುತ್ತಿದ್ದ ಹಾಗೆ ಇವಳು ಕೈ ಮುಗಿದೇಬಿಟ್ಟಳು. ನಂಜನಗೂಡಿನ ತೇರಿನ ಹಗ್ಗಕ್ಕೆ ಕೈ ಹಚ್ಚಿದವರ ಮುಖದಲ್ಲಿ ಇರುವ ಅದೇ ಕಳೆ ಆ ಜಪಾನಿ ಅಜ್ಜಂದಿರ ಮುಖದಲ್ಲಿಯೂ ಇತ್ತು ಎಂಬುದನ್ನು ನಾನೂ ಒಪ್ಪಬೇಕು.

"ಹಗ್ಗ ಹಿಡಿದದ್ದು ಶಾಸ್ತ್ರಕ್ಕೆ ಕಣೇ, ನಿಜವಾದ ಕೆಲಸ ಯಂತ್ರದ್ದು" ಎಂದೆ.

"ಶಾಸ್ತ್ರಕ್ಕಾದ್ರೂ ಹಿಡಿದರಲ್ಲ" ಎಂದಳು.

ಆಮೇಲೆ ತಿಳಿದದ್ದು ಇನ್ನೂ ಕೆಟ್ಟದ್ದು. ಇದು ಮೊದಲ ಸಲವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇದೇ ಗೋಡೆ ಕುಸಿದು, ಇದೇ ಗೋಪುರವನ್ನು ಸರಿಸಿ, ಗೋಡೆ ಕಟ್ಟಿ 1915ರಲ್ಲಿ ವಾಪಸ್ ತಂದು ಕೂರಿಸಿದ್ದರು. ಜಾಕಿ ಗೀಕಿ ಈಗಿನಷ್ಟು ಇಲ್ಲದ ಕಾಲದಲ್ಲಿ. ನನ್ನ ಯಂತ್ರದ ವಾದವೂ ಬಿತ್ತು. ಅದರ ಪಕ್ಕದ ಫಲಕದಲ್ಲಿ ಗೋಡೆ ಬಿಚ್ಚುವ ಕ್ರಮ. ಬಿಚ್ಚಿದ ಪ್ರತಿಯೊಂದು ಕಲ್ಲಿಗೂ ನಂಬರು ಹಾಕಿ, ಅಳತೆ ಬರೆದು, ಬೇರೆ ಕಡೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಯಾವ ಕಲ್ಲು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು.

ಇವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಎರಡು ಸಾವಿರ ಕಲ್ಲಿಗೆ ಜಾಗ ಮಾಡಿದಾರೆ. ನೀವು ಸೀರೆ ಎಲ್ಲಿಡೋದು ಅಂತೀರಿ."

ನಾನು ಮೇಲಂತಸ್ತಿಗೆ ಹೋಗೋಣ ಎಂದೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ. ಜಪಾನಿನ ಕೋಟೆಗಳ ಒಳ ಮೆಟ್ಟಿಲನ್ನು ಮೆಟ್ಟಿಲು ಎನ್ನುವುದು ಔದಾರ್ಯ. ಅದು ಗೋಡೆಗೆ ಒರಗಿಸಿದ ಏಣಿ. ಶತ್ರು ಸಲೀಸಾಗಿ ಹತ್ತಬಾರದು ಎಂದೇ ಹಾಗಂತೆ, ಮತ್ತು ಆ ಉದ್ದೇಶ ನನ್ನ ಮಟ್ಟಿಗೆ ಪೂರ್ತಿ ನೆರವೇರಿತು. ಹತ್ತುವುದು ಹೇಗೋ ಆಯಿತು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಒಪ್ಪಿಸುತ್ತಾ. ಇಳಿಯುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ಮುಂದಕ್ಕೆ ಮುಖ ಮಾಡಿದರೆ ತಲೆ ತಿರುಗುತ್ತದೆ, ಹಿಂದಕ್ಕೆ ಮುಖ ಮಾಡೋಣವೆಂದರೆ ತಿರುಗಲು ಜಾಗವಿಲ್ಲ. ಮೇಲೆ ಸಾಲು ನಿಂತಿತು. ಕೆಳಗೆ ಹತ್ತುವವರ ಸಾಲು ನಿಂತಿತು. ನಮ್ಮಲ್ಲಾಗಿದ್ದರೆ ಯಾರಾದರೂ ಬೈದು ಇಳಿಸುತ್ತಿದ್ದರು. ಅಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಆ ಸೌಜನ್ಯ ತಡೆಯಲಾರದೆ ನಾನು "ಸುಮಿಮಾಸೆನ್, ಸುಮಿಮಾಸೆನ್" ಎಂದು ಎರಡೂ ಕಡೆಗೆ ಕ್ಷಮೆ ಕೇಳುತ್ತಾ ನಿಂತೆ. ಕಡೆಗೆ ಕೆಳಗಿನಿಂದ ಒಬ್ಬ ಅಜ್ಜಿ, ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ನನ್ನ ಎಡಗಾಲಿನ ಬೂಟನ್ನು ಮೃದುವಾಗಿ ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟರು. ಆಮೇಲೆ ಬಲಗಾಲನ್ನು. ನಾನ್ನೂರು ಟನ್ನಿನ ಗೋಪುರದಲ್ಲಿ ಅವತ್ತು ಸರಿಸಬೇಕಾಗಿ ಬಂದದ್ದು ನನ್ನೊಬ್ಬನನ್ನೇ.

ಕೆಳಗಿಳಿದ ಮೇಲೆ ಊಟ. ಚೆರ್ರಿ ಮರದ ಕೆಳಗೆ ಜನ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಬೂಟುಗಳನ್ನು ಅಂಚಿನಲ್ಲಿ ಸಾಲಾಗಿ ಜೋಡಿಸಿ, ತಿನ್ನುತ್ತಾ ಕುಡಿಯುತ್ತಾ ಹಾಡುತ್ತಾ ಕೂತಿರುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಡೆಯುವ ಈ ಹೂವಿನ ಹಬ್ಬಕ್ಕೆ 20 ಲಕ್ಷಕ್ಕೂ ಮಿಕ್ಕಿ ಜನ ಬರುತ್ತಾರೆ, ಒಂದು ಕಾಗದದ ಚೂರು ನೆಲದ ಮೇಲೆ ಕಾಣಲಿಲ್ಲ. ಅಂಗಡಿ ಸಾಲಿನಲ್ಲಿ ನನ್ನ ಕಣ್ಣು ಬಿದ್ದದ್ದು ಕಡ್ಡಿಗೆ ಚುಚ್ಚಿದ ಕಪ್ಪನೆಯ ತ್ರಿಕೋನಗಳ ಮೇಲೆ. ಕೊನ್ಯಾಕು ಎನ್ನುತ್ತಾರೆ. ಅದು ನಮ್ಮ ಸುವರ್ಣಗೆಡ್ಡೆಯದೇ ಕುಲದ ಒಂದು ಗೆಡ್ಡೆ. ಹಿಟ್ಟು ಮಾಡಿ, ಗಟ್ಟಿ ಕಟ್ಟಿಸಿ, ಬೇಯಿಸುತ್ತಾರೆ.

"ಗೆಡ್ಡೆ ಅಂದ್ಮೇಲೆ ತಿನ್ನಬಹುದು" ಎಂದು ನಾನು ಕೈ ಚಾಚಿದೆ.

"ಗೆಡ್ಡೆ ಸರಿ ಮಾವ, ಬೇಯಿಸೋ ನೀರು ಮೀನಿಂದು ಇರಬಹುದು" ಎಂದರು ಅಳಿಯಂದಿರು. ಚಾಚಿದ ಕೈಯನ್ನು ಹಾಗೇ ತಲೆಯ ಮೇಲೆ ಆಡಿಸಿಕೊಂಡು ವಾಪಸ್ ಬಂದು ಚಪಾತಿ ತಿಂದೆ.

ಪಕ್ಕದ ಹಾಳೆಯ ಹಿರಿಯರ ಗುಂಪು ಇವಳ ಕೋಡುಬಳೆಯ ಸದ್ದಿಗೆ ತಿರುಗಿ ನೋಡಿತು. ಇವಳು ಡಬ್ಬಿ ಚಾಚಿದಳು. ಅವರು ಸೇಬು ಕೊಟ್ಟರು. ಭಾಷೆ ಬಾರದ ಎರಡು ಗುಂಪುಗಳು ಕಟುಂ ಕುಟುಂ ಎಂದು ಅರ್ಧ ಗಂಟೆ ಸಂಭಾಷಣೆ ನಡೆಸಿದವು. ಆ ಸೇಬು ಫ್ಯೂಜಿ. ನಮ್ಮ ಮಾರುಕಟ್ಟೆಯಲ್ಲಿಯೂ ಸಿಗುವ, ಕೊಂಡರೆ ಜೇಬು ಸುಡುವ ಅದೇ ತಳಿ. ಅದು ಹುಟ್ಟಿದ್ದು ಹಿರೊಸಾಕಿಗೆ ಅಂಟಿಕೊಂಡಂತಿರುವ ಫುಜಿಸಾಕಿ ಊರಿನ ತೋಟಗಾರಿಕೆ ಕೇಂದ್ರದಲ್ಲಿ. 1939ರಲ್ಲಿ ತಳಿ ಕೂಡಿಸಿದರು, ಹೆಸರಿಟ್ಟದ್ದು 1962ರಲ್ಲಿ. ಇಪ್ಪತ್ತಮೂರು ವರ್ಷ ಕಾದರು ಎಂದು ನಾನು ಒತ್ತಿ ಹೇಳಿದೆ. ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಸೇಬಿಗೂ ಈ ಹೂವಿಗೂ ನಂಟು ಇದೆ. ಕೋಟೆಗಳ ಕಾಲ ಮುಗಿದು ಅಂಗಳ ಪಾಳು ಬಿದ್ದಾಗ, ಕಿಕುಚಿ ತತೆಎ ಎಂಬ ಹಳೆಯ ಸಮುರಾಯ್ 1882ರಲ್ಲಿ ಇಲ್ಲಿ ಸಾವಿರ ಚೆರ್ರಿ ಗಿಡ ನೆಡಿಸಿದ. ಈ ಸೀಮೆಗೆ ಸೇಬಿನ ಬೇಸಾಯ ಹಿಡಿಸಿದವರಲ್ಲಿಯೂ ಅವನೇ ಮುಂಚೂಣಿ. ಕೋಟೆ ಎಂದರೆ ಹೂವು ನೋಡಿಕೊಂಡು ಕುಡಿಯುವ ಜಾಗವೇ ಎಂದು ಉಳಿದ ಸಮುರಾಯ್‌ಗಳು ಆ ಕಾಲದಲ್ಲಿ ಸಿಟ್ಟಾಗಿ ಗಿಡಗಳನ್ನು ಕಿತ್ತದ್ದೂ ಮುರಿದದ್ದೂ ಉಂಟು. 1895ರಲ್ಲಿ ಕೋಟೆ ಸಾರ್ವಜನಿಕ ಪಾರ್ಕಾಯಿತು, ಹೂವೇ ಗೆದ್ದಿತು. ಆ 1882ರ ಮರಗಳಲ್ಲಿ ಒಂದು ಈಗಲೂ ಹೂ ಬಿಡುತ್ತಿದೆ.

ಅದು ಪವಾಡವೇ, ಏಕೆಂದರೆ ಇಲ್ಲಿ ನೆಟ್ಟ ಸೊಮೆಯಿ ಯೊಶಿನೊ ಜಾತಿಯ ಚೆರ್ರಿಗೆ ಸಾಮಾನ್ಯವಾಗಿ ಅರವತ್ತು ಎಂಬತ್ತು ವರ್ಷದ ಆಯಸ್ಸು ಎನ್ನುತ್ತಾರೆ. ಇಲ್ಲಿ ನೂರು ದಾಟಿದ ಮರಗಳೇ ನೂರಾರು. ಚೆರ್ರಿಯ ಕೊಂಬೆ ಕಡಿಯುವವನು ಮೂರ್ಖ, ಪ್ಲಮ್ ಮರದ ಕೊಂಬೆ ಕಡಿಯದವನು ಮೂರ್ಖ ಎಂದು ಜಪಾನಿಯರಲ್ಲಿ ಗಾದೆ. ಹಿರೊಸಾಕಿಯವರು ಸೇಬಿನ ತೋಟದವರು, ಗಾದೆಗೆ ಸೊಪ್ಪು ಹಾಕಲಿಲ್ಲ. ಸೇಬಿನ ಮರಕ್ಕೆ ಮಾಡುವ ಹಾಗೆಯೇ ಚೆರ್ರಿಗೂ ಹಳೆಯ ಕೊಂಬೆ ಸವರಿ, ಕಡಿದ ಗಾಯಕ್ಕೆ ಮದ್ದು ಹಚ್ಚಿ, ಗೊಬ್ಬರ ಕೊಟ್ಟರು. ಮರ ಚಿಗುರಿ, ಒಂದೊಂದು ಗೊಂಚಲಿನಲ್ಲಿ ಬೇರೆ ಕಡೆಗಿಂತ ಹೆಚ್ಚು ಹೂ ಬಿಟ್ಟಿತು. ಈ ಮರಗಳನ್ನು ನೋಡಿಕೊಳ್ಳಲೆಂದೇ ನಗರಸಭೆಯವರು ಇಟ್ಟಿರುವ ಪರಿಣತರಿದ್ದಾರೆ, ಸಕುರಮೊರಿ ಎಂದು ಕರೆಯುತ್ತಾರೆ. ಟೈಮಿಗೆ ಸರಿಯಾಗಿ ಕೈ ಹಾಕಿದರೆ ಯಾವುದೂ ಹಾಳಾಗುವುದಿಲ್ಲ ಎಂದು ಇವಳು ಮರವನ್ನು ನೋಡಿಕೊಂಡು ಹೇಳಿದಳು. ಮರಕ್ಕೆ ಹೇಳಿದ್ದಲ್ಲ.

ಹೊರಡುವ ಮುಂಚೆ ಹೊರ ಕಂದಕದ ಬಳಿ ಹೋದೆವು. ಇದನ್ನು ನೋಡಲೆಂದೇ ಬರುವವರಿದ್ದಾರೆ. ಉದುರಿದ ಎಸಳುಗಳೆಲ್ಲ ನೀರಿನ ಮೇಲೆ ಸೇರಿ ದಡದಿಂದ ದಡಕ್ಕೆ ಗುಲಾಬಿ ಹಾಸು. ನೀರು ಕಾಣುವುದೇ ಇಲ್ಲ. ಬಗ್ಗಿ ನೋಡಿದರೆ ಎಸಳುಗಳು ಒಂದರ ಮೇಲೊಂದು ಅಂಟಿ, ಅಂಚು ಸ್ವಲ್ಪ ಕಂದಿ, ಮೆಲ್ಲಗೆ ಉಸಿರಾಡುತ್ತಿದ್ದವು. ಒಂದು ಬಾತುಕೋಳಿ ಅಡ್ಡ ಈಜಿತು, ಹಿಂದೆ ಕಪ್ಪನೆಯ ಒಂದು ಗೆರೆ ಬಿದ್ದಿತು, ಅದು ಅಲ್ಲೇ ಮುಚ್ಚಿಕೊಂಡಿತು. ಈ ಕಂದಕ ಎಷ್ಟು ಅಡಿ ಆಳ ಎಂದು ನಾನು ಶುರು ಮಾಡಿದೆ. "ಒಂದು ಐದು ನಿಮಿಷ ಸುಮ್ನಿರ್ತೀರಾ" ಎಂದಳು ಇವಳು. ಇದ್ದೆ. ಅದೊಂದು ಕೆಲಸವನ್ನು ಆ ಪ್ರವಾಸದಲ್ಲಿ ನಾನು ಸರಿಯಾಗಿ ಮಾಡಿದೆ ಎಂದು ಮನೆಯಲ್ಲಿ ಒಮ್ಮತವಿದೆ.

ಮೈಸೂರಿಗೆ ಬಂದ ಮೇಲೆ ಇನ್ನು ಕಾರಣ ಹೇಳಲು ಬಾಯಿ ಎಲ್ಲಿತ್ತು? ಇವಳೇ ಮುಂದೆ ನಿಂತು ಬೀರು ಖಾಲಿ ಮಾಡಿದಳು. ಸೀರೆಗಳನ್ನು ಗಂಟು ಕಟ್ಟಿ, ಗಂಟಿಗೆ ನಂಬರು ಚೀಟಿ ಚುಚ್ಚಿ, ದಿವಾನದ ಮೇಲೆ ಸಾಲಾಗಿ ಇಟ್ಟಳು. ಬೀದಿ ಕೊನೆಯ ಗೂಡ್ಸ್ ಆಟೋದ ಹುಡುಗರು ಬಂದರು. ಬೀರುವಿನ ಕಾಲಿನಡಿ ಗೋಣಿಚೀಲ ತುರುಕಿದರು. ಹಗ್ಗ ಬೇಕಿರಲಿಲ್ಲ, ಆದರೂ ಇವಳು ಹಗ್ಗ ಕಟ್ಟಿಸಿದಳು. ಅಕ್ಕಪಕ್ಕದವರನ್ನೂ ಕರೆದಿದ್ದಳು. "ನೀವು ತುದಿ ಹಿಡ್ಕೊಂಡು ನಿಂತ್ಕೊಳಿ, ಸಾಕು" ಎಂದು ನನಗೆ ಸ್ಥಾನ ತೋರಿಸಿದಳು. ನಾನು ಹಿಡಿದು ನಿಂತೆ. ಹುಡುಗರು ಹೂಂ ಎಂದರು, ಬೀರು ಸೊರ್ರನೆ ಬಂದುಬಿಟ್ಟಿತು. ಮೊಸಾಯಿಕ್‌ಗೆ ಒಂದು ಗೀರೂ ಆಗಲಿಲ್ಲ, ಬಾಗಿಲು ಮೊದಲಿಗಿಂತ ಚೆನ್ನಾಗಿ ಕೂತಿತು. ಹಿಂದೆ ಸಿಕ್ಕಿದ್ದು ಮಗಳ ಜಾಮಿಟ್ರಿ ಬಾಕ್ಸಿನ ಕೈವಾರ, ಒಂದು ಹಳೆಯ ಪಂಚಾಂಗ, ಮತ್ತು ಇವಳೇ ಎಲ್ಲೋ ಎತ್ತಿಟ್ಟು ಮರೆತಿದ್ದಾಳೆ ಎಂದು ನಾನು ವರ್ಷಗಟ್ಟಲೆ ದೂರಿದ ನನ್ನ ಓದುವ ಕನ್ನಡಕ.

ಗಾರೆಯವನು ಹೇಳಿದ ಹಾಗೆ ಎರಡೇ ದಿನದಲ್ಲಿ ಗೋಡೆ ಮುಗಿಸಿದ. ಗಾರೆ ಒಣಗಬೇಕು, ಆಮೇಲೆ ಬಣ್ಣ ಬಳಿಯಬೇಕು, ಅಲ್ಲಿಯವರೆಗೆ ಬೀರು ಹಾಲಿನಲ್ಲಿರಲಿ ಎಂದು ತೀರ್ಮಾನವಾಯಿತು. ಬಣ್ಣದವನು ಮಳೆ ಮುಗಿಯಲಿ ಎಂದ. ಮಳೆ ಮುಗಿಯಿತು, ದಸರಾ ಬಂತು, ಆಮೇಲೆ ಕೋವಿಡ್ ಬಂತು. ಬೀರು ಇವತ್ತಿಗೂ ಹಾಲಿನಲ್ಲಿದೆ. ಟಿವಿಯನ್ನು ಎಡಗಡೆಯಿಂದ ನೋಡುತ್ತೇವೆ. ಬಂದ ನೆಂಟರು ಅದನ್ನು ಸುತ್ತಿ ಬಂದು ಕೂರುತ್ತಾರೆ.

ಇವಳು ಬಾಯಿ ತೆಗೆದಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ. ಹಿರೊಸಾಕಿಯವರು ಗೋಪುರ ಸರಿಸಿದ್ದು 2015ರಲ್ಲಿ. ಹತ್ತು ವರ್ಷ ತುಂಬಿದರೂ ಅದು ಮೂಲ ಜಾಗಕ್ಕೆ ಬಂದು ಕೂತಿರಲಿಲ್ಲ. ಅವರು ಜಪಾನಿಯರು, ಶಿಂಕಾನ್‌ಸೆನ್ ಓಡಿಸುವವರು. ಅವರಿಗೇ ಆತುರವಿಲ್ಲದ ಮೇಲೆ ನಮಗೇನು? ಈ ಮಾತಿಗೆ ಇವಳಲ್ಲಿ ಇನ್ನೂ ಜವಾಬು ಹುಟ್ಟಿಲ್ಲ. ಅಳಿಯಂದಿರು ಹೊಸ ಸುದ್ದಿ ಏನಾದರೂ ಕಳಿಸಿಯಾರು ಎಂಬ ಭಯ ಮಾತ್ರ ಇದೆ, ಏಕೆಂದರೆ ಬಿಚ್ಚಿದ ಕಲ್ಲುಗಳನ್ನೆಲ್ಲ ನಂಬರಿನ ಪ್ರಕಾರ ಮತ್ತೆ ಕಟ್ಟಿ, ಗೋಪುರವನ್ನು ಹಳೆಯ ಜಾಗಕ್ಕೇ ಎಳೆದು ತರುವುದು ಅವರ ಯೋಜನೆ.

ಹೂವಿಗಾಗಿ ಹೋಗುವವರು ಏಪ್ರಿಲ್ ಕೊನೆಯ ವಾರಕ್ಕೆ ಲೆಕ್ಕ ಹಾಕಿ ಹೋಗಿ. ಹೂವು ನಮ್ಮ ಟಿಕೆಟ್ ನೋಡಿಕೊಂಡು ಅರಳುವುದಿಲ್ಲ, ಒಂದೆರಡು ದಿನ ಹೆಚ್ಚು ಇಟ್ಟುಕೊಳ್ಳಿ. ಎಸಳಿನ ಹಾಸು ನೋಡಬೇಕೆಂದರೆ ಹೂವು ಉದುರುವ ದಿನಗಳೇ ಸರಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ. ಮಂಡಿ ನೋವಿದ್ದವರು ಕೆಳಗೇ ನಿಂತು ಫೋಟೋ ತೆಗೆದುಕೊಳ್ಳಿ. ಟಿಕೆಟ್ ತೆಗೆಸುವ ಮುಂಚೆ ಕೋಟೆ ಸದ್ಯಕ್ಕೆ ಎಲ್ಲಿದೆ, ಒಳಗೆ ಬಿಡುತ್ತಾರೆಯೇ ಎಂದು ಮರೆಯದೆ ವಿಚಾರಿಸಿಕೊಳ್ಳಿ.